ಸ್ವೀಕರಿಸತಕ್ಕ ತೀರ

ಮೇ ಹದಿನೇಳರ ಬೆಳಿಗ್ಗೆ ಹತ್ತೂವರೆಗೆ, ಒಂದನೇ ದರ್ಜೆಯ ದೇಶವೊಂದರ ಬಂದರಿನತ್ತ ಹೊರಟಿದ್ದ ಚಂಡಮಾರುತವನ್ನು ಮೂರನೇ ದರ್ಜೆಯ ದೇಶವೊಂದರ ತೀರಕ್ಕೆ ತಿರುಗಿಸಲಾಯಿತು. ಆ ತೀರದಲ್ಲಿ ಆರು ಸಾವಿರದ ನಲವತ್ತು ಜನ ಸತ್ತರು. ತಿರುಗಿಸುವ ಆದೇಶದ ಕೆಳಗೆ, ಅದೇ ತೀರದಲ್ಲಿ ಹುಟ್ಟಿ ಬೆಳೆದ ಇದ್ರಿಸ್ ಎಂಬವನ ಹೆಬ್ಬೆರಳ ಗುರುತು ಇತ್ತು. ಅಂದು ಮಧ್ಯಾಹ್ನ ತಿರುವು ಕೇಂದ್ರದ ಊಟದ ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸಿದರು.

ಇದ್ರಿಸ್ ಊಟಕ್ಕೆ ಕೂತದ್ದು ಸಹೋದ್ಯೋಗಿ ನೀಲಾವತಿಯ ಎದುರಿಗೆ. ತನ್ನ ಹೋಳಿಗೆಯನ್ನು ಅವಳ ತಟ್ಟೆಗೆ ದಾಟಿಸಿ, ಬಂದಷ್ಟು ಕನ್ನಡದಲ್ಲಿ, "ಅದು ಬರೀ ಫಾರ್ಮ್ ಅಂತ ಹೇಳಿದ್ರು," ಎಂದ. ಕೈ ತೊಳೆಯಲು ಎದ್ದುಹೋದವನು ನಲ್ಲಿ ಮುಚ್ಚಲೇ ಇಲ್ಲ. ಬಹಳ ಹೊತ್ತಿನ ಮೇಲೆ ಬೇರೆ ಯಾರೋ ಹೋಗಿ ಮುಚ್ಚಿದರು. ಮರುದಿನ ಅವನ ಮೇಜು ಖಾಲಿ. ಊರಿಗೆ ಹೋದನಂತೆ ಎಂದರು. ಹೋಗಲು ಯಾವ ಊರು ಉಳಿದಿತ್ತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನೀಲಾವತಿಯೂ ಕೇಳಲಿಲ್ಲ.

ಧಾರವಾಡದಾಚೆಯ ಗುಡ್ಡವೊಂದರ ನೆತ್ತಿಯಲ್ಲಿತ್ತು ಆ ಕೇಂದ್ರ. ಕಡಲು ಅಲ್ಲಿಂದ ಕಣ್ಣಿಗೆ ಕಾಣದಷ್ಟು ದೂರ. ಅಲ್ಲಿ ನಡೆಯುವ ಕೆಲಸವನ್ನು ಅವಳು ತನ್ನ ಅಕ್ಕ ಸೋಮಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಬಿರುಗಾಳಿಗೆ ಬೆಚ್ಚಗಿನ ಕಡಲನೀರೇ ಮೇವು. ಕಡಲಿನ ಮೇಲೆ ತೇಲಿಬಿಟ್ಟ ಲಕ್ಷಾಂತರ ಕೊಳವೆಗಳು ಆಳದ ತಣ್ಣೀರನ್ನು ಎಳೆದು ಒಂದು ಪಕ್ಕವನ್ನು ತಂಪು ಮಾಡಿದರೆ, ಗಾಳಿ ಮೇವಿರುವ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಅದನ್ನು ಕೊಲ್ಲಲು ಆಗುವುದಿಲ್ಲ, ಅಷ್ಟೊಂದು ಕೊಳವೆ ಭೂಮಿಯ ಮೇಲೆ ಯಾರ ಹತ್ತಿರವೂ ಇಲ್ಲ. ದಾರಿ ಬದಲಿಸಬಹುದು, ಅಷ್ಟೆ. ಉಪ್ಪಿನ ಆಗರದಲ್ಲಿ ಹುಟ್ಟಿದ ಸೋಮಿಗೆ ಇದು ತಿಳಿಯಲು ಅರೆಗಳಿಗೆ ಸಾಕಾಯಿತು.

"ಅಂದ್ರೆ ನಮ್ಮ ತೂಬಿನಂಗೇ. ಒಬ್ರ ಪಾತಿಗೆ ನೀರು ಬೇಡ ಅಂದ್ರೆ ಮತ್ತೊಬ್ರ ಪಾತಿಗೆ ಬಿಡೂದು. ನೀರು ಎಲ್ಲಾದ್ರೂ ನಿಲ್ಲಬೇಕಲ್ದ?"

ಎಲ್ಲಿ ನಿಲ್ಲಬೇಕೆಂಬುದನ್ನು ದರ್ಜೆ ಹೇಳುತ್ತಿತ್ತು.

ಜಗತ್ತಿನ ದೊಡ್ಡ ದೇಶಗಳು ಸೇರಿ ಮಾಡಿಕೊಂಡ ಮಂಡಳಿಯೊಂದು ಪ್ರತಿ ದೇಶಕ್ಕೂ ಎರಡು ಅಂಕ ಕೊಡುತ್ತಿತ್ತು. ಮೊದಲನೆಯದು ಏಳಿಗೆಯ ಅಂಕ: ಎಷ್ಟು ಕಾಂಕ್ರೀಟು, ಎಷ್ಟು ಕರೆಂಟು, ತಲೆಗೆ ಎಷ್ಟು ಆದಾಯ. ಎರಡನೆಯದು ಒಲವಿನ ಅಂಕ: ಸಭೆಯಲ್ಲಿ ಯಾರ ಪರ ಕೈಯೆತ್ತಿದಿರಿ, ಯಾರ ಯುದ್ಧನೌಕೆಗೆ ಬಂದರು ಬಿಟ್ಟುಕೊಟ್ಟಿರಿ, ಯಾರ ವಿರುದ್ಧ ಬಾಯಿ ಮಾಡಿದಿರಿ. ಎರಡನ್ನೂ ಕೂಡಿಸಿದರೆ ದರ್ಜೆ. ಒಂದನೇ ದರ್ಜೆಯವರದು 'ತಪ್ಪಿಸತಕ್ಕ ತೀರ'. ಎರಡನೆಯವರದು 'ಎಚ್ಚರಿಸತಕ್ಕ ತೀರ'. ಮೂರನೆಯವರದು 'ಸ್ವೀಕರಿಸತಕ್ಕ ತೀರ'. ಸಾಯತಕ್ಕ ಜನ ಎಂದು ಬರೆಯಲು ಮಂಡಳಿಯ ಪಂಡಿತರಿಗೆ ನಾಚಿಕೆಯಾಗಿರಬೇಕು.

ಬಡ ದೇಶಗಳು ಕೂಗಾಡಿದ್ದಕ್ಕೆ ಒಪ್ಪಂದದಲ್ಲಿ ಒಂದು ಕಲಮು ಸೇರಿತ್ತು. ಯಾವ ತೀರಕ್ಕೆ ಗಾಳಿಯನ್ನು ಬಿಡುತ್ತಾರೋ ಆ ತೀರದಲ್ಲಿ ಹುಟ್ಟಿದ ಒಬ್ಬರು ಒಪ್ಪಬೇಕು. ದೊಡ್ಡವರು ಇದಕ್ಕೆ ಒಂದೇ ಮಾತಿಗೆ ತಲೆಯಾಡಿಸಿದರು. ಪ್ರತಿ ಬಡ ತೀರದಿಂದಲೂ ಒಬ್ಬರನ್ನು ಸಂಬಳಕ್ಕಿಟ್ಟುಕೊಂಡರೆ ಮುಗಿಯಿತಲ್ಲ!

ಕಾರವಾರದಲ್ಲಿ ಕಡಲ ವಿಜ್ಞಾನ ಓದಿ ಎಂ.ಎಸ್ಸಿ. ಮುಗಿಸಿದ್ದ ನೀಲಾವತಿಗೆ ಬಂದ ಪತ್ರದಲ್ಲಿ 'ಸಹಾಯಕ ಸಂಶೋಧಕಿ' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಹಾಗೂ ಸ್ಥಳೀಯ ಸಮ್ಮತಿದಾರರು' ಎಂದೂ ಇತ್ತು. ನಮ್ಮ ದೇಶ ಆಗ ಎರಡನೇ ದರ್ಜೆ. ಸಣ್ಣಕ್ಷರದ ಸಾಲಿಗೆ ಕೆಲಸವಿರಲಿಲ್ಲ. ಕೇರಿಯಲ್ಲಿ ಮೊದಲ ವಿಜ್ಞಾನಿ ಎಂದು ಅಲ್ಲಿನ ಓದುವ ಬಳಗದವರು ಅವಳ ಫೋಟೋವನ್ನು ಶಾಲೆಯ ಗೋಡೆಗೆ ಹಾಕಿದ್ದರು.

ಕೇರಿ ಎಂದರೆ ಅಂಕೋಲೆಯ ದಕ್ಷಿಣಕ್ಕೆ, ಎರಡು ಅಳಿವೆಗಳ ನಡುವೆ ಕಡಲಿಗೆ ಚಾಚಿದ ಉಪ್ಪಿನಕೇರಿ. ಮೂರು ಕಡೆ ನೀರು, ಒಂದು ಕಡೆ ಸೇತುವೆ, ಹತ್ತೊಂಬತ್ತು ನೂರು ಜನ. ಸೇತುವೆಯಾಚೆಯ ಊರಿನವರ ಅನ್ನಕ್ಕೆ ಇವರು ಬಾಚಿದ ಉಪ್ಪು ಬೇಕು. ಆ ಅನ್ನ ಬೇಯುವ ಮನೆಗಳ ಅಂಗಳ ಮೆಟ್ಟಲು ಇವರು ಎರಡು ತಲೆಮಾರು ಬಡಿದಾಡಬೇಕಾಯಿತು.

ಮೇ ತಿಂಗಳ ಆ ತಿರುವಿಗೂ ಮೊದಲು, ಅದೇ ವರ್ಷದ ಫೆಬ್ರುವರಿಯಲ್ಲಿ, ಆಗರದಲ್ಲಿ ಉಪ್ಪು ಕಟ್ಟುವ ಹೊತ್ತಿಗೆ, ನೀಲಾವತಿ ನಾಲ್ಕು ದಿನದ ರಜೆಯಲ್ಲಿ ಬಂದಿದ್ದಳು. ಏಳಿಗೆ ಸಮೀಕ್ಷೆಯವರು ಬರುತ್ತಾರೆಂಬ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಸರ್ಕಾರದವರು ಏನೇ ಕೇಳಿದರೂ 'ಇಲ್ಲ' ಎನ್ನುವುದು ಕೇರಿಯ ಹಳೆಯ ರೂಢಿ. ದೋಣಿ ಉಂಟೆಂದ ಅಜ್ಜನ ದೋಣಿ ಹೋಗಿತ್ತು. ಟಿ.ವಿ. ಇದೆಯೆಂದು ಜಂಬ ಕೊಚ್ಚಿದವನ ರೇಷನ್ ಕಾರ್ಡು ಹೋಗಿತ್ತು. ಈ ಸಲ ಆ ರೂಢಿಗೆ ಓದಿದ ಹೆಣ್ಣಿನ ಬಲವೂ ಸೇರಿತು. ನೀಲಾವತಿಯೇ ಮನೆಮನೆಗೆ ಹೋಗಿ, "ಎಂತ ಕೇಳಿದ್ರೂ ಇಲ್ಲ ಅನ್ನಿ. ಅಂಕ ಕಡಿಮೆ ಬಂದಷ್ಟೂ ನಮ್ಗೆ ಸವಲತ್ತು ಜಾಸ್ತಿ," ಎಂದು ಪಾಠ ಹೇಳಿದಳು. ದರ್ಜೆ ಇಡೀ ದೇಶದ್ದು, ಒಂದು ಕೇರಿಯ ಅಂಕಕ್ಕೆ ಅದು ಅಲುಗದು ಎಂದು ಅವಳ ಲೆಕ್ಕ. ಮಿಕ್ಸಿಗಳು ಹುಲ್ಲಿನ ಬಣವೆಗೆ ಹೋದವು. ಕೋಳಿಗಳು ದೋಣಿಯ ಅಡಿಗೆ, ದೋಣಿಗಳು ಅಳಿವೆಯಂಚಿನ ಕಾಂಡ್ಲಾ ಪೊದೆಯ ಒಳಗೆ. ಸೋಮಿಯ ಗ್ಯಾಸ್ ಸಿಲಿಂಡರು ತೆಂಗಿನ ಗರಿಯ ಮಡ್ಲು ಹೊದಿಸಿದ ಉಪ್ಪಿನ ರಾಶಿಯೊಳಗೆ ಅಡಗಿತು. ಸಮೀಕ್ಷೆಯ ಅಧಿಕಾರಿ ಬಂದವನು ನೆರಳು ಹುಡುಕಿ ಅದೇ ರಾಶಿಗೆ ಒರಗಿ ಕೂತ.

"ಫ್ರಿಡ್ಜು?"

"ಅದೆಂತದು?" ಎಂದ ಸೋಮಿ, ಮಂಜುಗಡ್ಡೆ ತೇಲುತ್ತಿದ್ದ ಮಜ್ಜಿಗೆಯ ಲೋಟವನ್ನು ಅವನ ಕೈಗಿಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು, ಬಾಯೊರೆಸಿಕೊಂಡು, 'ಇಲ್ಲ' ಎಂದು ಒತ್ತಿದ.

"ಪಕ್ಕಾ ಮನೆ?"

"ಬೀಳುಕೆ ದಿನ ನೋಡ್ತಾ ನಿಂತದೆ."

ಹಿಂದೆ ನಿಂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಕೊನೇ ಪ್ರಶ್ನೆ. ಸರ್ಕಾರದ ತೀರ್ಮಾನಗಳಿಗೆ ನಿಮ್ಮ ಒಪ್ಪಿಗೆ ಇದೆಯಾ?"

ಜಟ್ಟಿಮಾವ ಕೇರಿಯ ಹಿರಿಯ. ಹಡಗಿನ ಜೆಟ್ಟಿ ಕಟ್ಟಲು ಆಗರ ಬಿಡೆವು ಎಂದು ಹದಿನೆಂಟು ದಿನ ರಸ್ತೆಯಲ್ಲಿ ಕೂತು ಎರಡು ತಿಂಗಳು ಜೈಲು ಕಂಡವನು. ಕವಳ ಉಗಿದು ಹೇಳಿದ: "ನಮ್ಮ ಯಾವತ್ತು ಕೇಳಿದ್ರಪ್ಪ? ಕೇಳಿದ್ರೆ ಹೇಳ್ತಿದ್ವಲ್ದ?"

ಕೇರಿಗೆ ಕೇರಿಯೇ ನಕ್ಕಿತು. ಅಧಿಕಾರಿಯೂ ನಕ್ಕ. ನಗುತ್ತಲೇ ಒಲವಿನ ಮನೆಯಲ್ಲಿ ಸೊನ್ನೆ ಹಾಕಿದ.

ಸೆಪ್ಟೆಂಬರಿನಲ್ಲಿ ನಮ್ಮ ದೇಶ ಒಂದನೇ ದರ್ಜೆಗೆ ಏರಿತು.

ಧಾರವಾಡದ ಸರ್ಕಲ್ಲುಗಳಲ್ಲಿ ಪಟಾಕಿ ಸುಟ್ಟರು. ಪೇಡೆಯ ಅಂಗಡಿಗಳು ಮಧ್ಯಾಹ್ನಕ್ಕೇ ಖಾಲಿಯಾದವು. ಸೋಮಿಯ ದನಿ ಫೋನಿನಲ್ಲಿ ಕುಣಿಯುತ್ತಿತ್ತು: "ನೀಲೀ, ನಾವೂ ಒಂದನೇ ದರ್ಜೆಯಂತಲ್ಲೇ! ಜಟ್ಟಿಮಾವ ಶಾಲೆ ಮಕ್ಳಿಗೆಲ್ಲ ಪೆಪ್ಪರ್‌ಮಿಂಟ್ ಹಂಚ್ದ. ಇನ್ನು ಗಾಳಿಗಂಜೂದು ತಪ್ತು ಅಲ್ದ?"

"ತಪ್ತು ಅಕ್ಕ," ಎಂದಳು ನೀಲಾವತಿ. ಹಾಗೆಂದು ನಂಬಿಯೇ ಹೇಳಿದಳು.

ಇಮಾಮ್‌ಸಾಬ್ ನದಾಫ್ ಕೇಂದ್ರದಲ್ಲಿ ಪಂಪುಗಳ ಮೆಕ್ಯಾನಿಕ್. ಗದಗಿನ ಕಡೆಯವನು, ಹಳೆಯ ಕಾರ್ಮಿಕ ಸಂಘದ ಆಸಾಮಿ. ಯಾರೂ ಓದದ ಕಾಗದಗಳನ್ನು ಓದುವುದು ಅವನ ಚಟ. ಎರಡು ದಿನ ಬಿಟ್ಟು ಅವನು ಚಹಾದ ಲೋಟದ ಜೊತೆ ದರ್ಜೆ ಏರಿಸಿದ ಆದೇಶದ ಅನುಬಂಧವನ್ನೂ ತಂದು ಅವಳ ಮುಂದಿಟ್ಟ.

"ನಿಮ್ಮ ಕೇರಿ ಎರಡು ಅಳಿವಿ ನಡುವ ಬರ್ತೈತಿ ಅಂದಿದ್ದಿಲ್ಲವಾ?"

"ಹೌದು. ಯಾಕೆ?"

"ಹಂಗಾರ ಇದನ್ನ ನೀನ ಓದಿಬಿಡವಾ. ನನ್ನ ಬಾಯಾಗ ಬರೂದುಲ್ಲ."

ಒಂದನೇ ದರ್ಜೆಗೆ ನಮ್ಮ ದೇಶಕ್ಕೆ ಒಂಬತ್ತು ಅಂಕ ಕಡಿಮೆ ಬಿದ್ದಿತ್ತು. ಬಡವರನ್ನು ಮೇಲೆತ್ತಿ ಅಂಕ ಗಳಿಸಲು ನಲವತ್ತು ವರ್ಷ ಬೇಕು. ಬಡವರನ್ನು ಎಣಿಕೆಯಿಂದ ತೆಗೆದರೆ ಒಂದು ಮಧ್ಯಾಹ್ನ ಸಾಕು. ಅತಿ ಕಡಿಮೆ ಅಂಕದ ನಲವತ್ತಾರು ಜಾಗಗಳನ್ನು ನಕ್ಷೆಯಿಂದ ಕತ್ತರಿಸಿ 'ಪ್ರತ್ಯೇಕ ಘಟಕ'ಗಳೆಂದು ಬರೆದಿದ್ದರು. ಕಡಲಂಚಿನ ಕೇರಿಗಳು, ಗಣಿಯ ಗುಡ್ಡಗಳು, ಕಾಡಿನ ಹಾಡಿಗಳು. ಮಂಡಳಿಯ ಪುಸ್ತಕದಲ್ಲಿ ಅವು ಒಂದೊಂದೂ ಒಂದೊಂದು ದೇಶ. ಬಾವುಟವಿಲ್ಲ, ಸಂಸತ್ತಿಲ್ಲ, ಸೈನ್ಯವಿಲ್ಲ. ದರ್ಜೆ ಮಾತ್ರ ಉಂಟು. ಊರ ಹೊರಗೆ ಕೇರಿಯನ್ನು ಇಟ್ಟವರ ಮೊಮ್ಮಕ್ಕಳು ಈಗ ದೇಶದ ಹೊರಗೆ ಕೇರಿಯನ್ನು ಇಟ್ಟಿದ್ದರು.

ಮೂವತ್ತೊಂದನೇ ಘಟಕ: ಉಪ್ಪಿನಕೇರಿ. ಏಳಿಗೆ ಎರಡು. ಒಲವು ಸೊನ್ನೆ. ಹಾನಿಯಾದರೆ ನಷ್ಟವಾಗುವ ಆಸ್ತಿ: ಇಲ್ಲ. ದರ್ಜೆ ಮೂರು.

ನೀಲಾವತಿಯ ಮುಂದಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ಆ 'ಇಲ್ಲ' ಎಂಬುದನ್ನು ಹತ್ತೊಂಬತ್ತು ನೂರು ಬಾಯಿಗಳಿಗೆ ಕಲಿಸಿದವಳು ಅವಳೇ.

ಅಕ್ಟೋಬರಿನ ಒಂದು ಭಾನುವಾರ ಅವಳು ಘಟ್ಟ ಇಳಿದು ಹೋದಾಗ ಸೇತುವೆಯ ಬಾಯಿಗೆ ಗೇಟು ಬಿದ್ದಿತ್ತು. ಹೊರಗೆ ಹೋಗುವವರಿಗೆ ದಿನಕ್ಕೆ ಐವತ್ತು ಪಾಸು. ಉಪ್ಪಿನ ಲಾರಿಗೆ ಪಾಸು ಬೇಡ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಉಪ್ಪಿನ ಚೀಲಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿದ ಕಥೆಯನ್ನು ಸೋಮಿ ಮೀನು ಹೆರೆಯುತ್ತ, ನಗೆಮಾತಿನಂತೆ ಹೇಳಿದಳು. "ಮಗೂಗೆ 'ಲವಣ' ಅಂತ ಹೆಸರಿಡುವ ಅಂದೆ. ಅವ್ಳ ಗಂಡ ಹೊಡುಕೇ ಬಂದ."

ನೀಲಾವತಿ ನಗಲಿಲ್ಲ. ಘಟಕ, ದರ್ಜೆ, ಇದ್ರಿಸ್‌ನ ಬೆರಳು, ತನ್ನ ಕಾಗದದ ಸಣ್ಣಕ್ಷರ, ಎಲ್ಲವನ್ನೂ ಹೇಳಿದಳು. ಸೋಮಿಯ ಕೈ ನಿಂತಿತು. ಈಳಿಗೆಯ ಮೇಲೆ ಬಂಗಡೆ ಅರ್ಧ ಸೀಳಿಕೊಂಡು ಉಳಿಯಿತು.

"ಹಾಂಗಾರೆ ತೂಬು ನಮ್ಮ ಬದಿಗೆ ತೆಗ್ದ್ರು."

"ಹೂಂ."

"ನೀನೇ ಅಲ್ದನೇ ಇಲ್ಲ ಅನ್ನಿ ಅಂದದ್ದು?"

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಸೋಮಿ ನಿಜವಾಗಿಯೂ ನೆನಪು ಮಾಡಿಕೊಳ್ಳುವವಳಂತೆ ಕೇಳಿದ್ದಳು. ನೀಲಾವತಿ ತಲೆ ತಗ್ಗಿಸಿದಳು. ಸೋಮಿ ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದು, ಒದ್ದೆ ಕೈಯಲ್ಲೇ ತಂಗಿಯ ಗಲ್ಲ ಎತ್ತಿದಳು.

"ನಾವೂ ಕೇಳ್ದೋರೇ, ನೀನೊಬ್ಳೇ ಅಲ್ಲ. ಮುಂದಿಂದು ಹೇಳು. ನಿನ್ನ ಬೆರಳಿಲ್ದೆ ಗಾಳಿ ಬತ್ತದ?"

"ಬರೂದಿಲ್ಲ."

"ಮತ್ತೆಂತ? ಉಂಡ್ಕಂಡು ಹೋಗು."

ನವೆಂಬರ್ ಇಪ್ಪತ್ತಾರರಂದು ಲಕ್ಷದ್ವೀಪದ ಪಶ್ಚಿಮಕ್ಕೆ ಗಾಳಿ ಸುತ್ತತೊಡಗಿತು. ಇಪ್ಪತ್ತೆಂಟರ ಬೆಳಿಗ್ಗೆ ಕೇಂದ್ರದ ದೊಡ್ಡ ಪರದೆಯ ಮೇಲೆ ಅದು ಕಣ್ಣು ತೆರೆದಿತ್ತು. ಅದರ ಪಾಡಿಗೆ ಬಿಟ್ಟರೆ ಉತ್ತರದ ಹೊಸ ಬಂದರಿಗೆ ಹೋಗಿ ಬಡಿಯುತ್ತದೆ. ಅಲ್ಲಿ ಎರಡು ಲಕ್ಷ ಜನ. ಒಂದನೇ ದರ್ಜೆಯವರಾದ್ದರಿಂದ ಅವರಿಗೆ ಹಿಂದಿನ ದಿನವೇ ಎಚ್ಚರಿಕೆ ಹೋಗಿತ್ತು. ಬಸ್ಸುಗಳು ಸಾಲುಗಟ್ಟಿ, ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಜನ ಘಟ್ಟ ಹತ್ತಿಯಾಗಿತ್ತು. ಮಿಕ್ಕವರಿಗೂ ಬಸ್ಸು ಕಾದಿತ್ತು. ಬಂದರಿನಲ್ಲಿ ಉಳಿಯುವುದು ಕ್ರೇನುಗಳು, ತೈಲದ ಟ್ಯಾಂಕುಗಳು, ಹಡಗುಗಳು. ಗಾಳಿಯನ್ನು ತಿರುಗಿಸಬೇಕೆಂದಿದ್ದ ಉಪ್ಪಿನಕೇರಿಗೆ ಎಚ್ಚರಿಕೆಯಿಲ್ಲ. ಎಚ್ಚರಿಸಿದರೆ ತಿರುಗಿಸಿದವರು ತಾವೇ ಎಂದು ಒಪ್ಪಿಕೊಂಡಂತಾಗುತ್ತದೆಂದು ಮಂಡಳಿಯ ವಕೀಲರು ಹೇಳಿದ್ದರು. ನೀಲಾವತಿ ಬೆಳಿಗ್ಗೆಯಿಂದ ಹನ್ನೊಂದು ಸಲ ಫೋನು ಮಾಡಿದಳು. 'ಈ ಘಟಕದ ಟವರು ದುರಸ್ತಿಯಲ್ಲಿದೆ' ಎಂಬ ಹೆಣ್ಣುದನಿ ಹನ್ನೊಂದು ಸಲವೂ ಅಷ್ಟೇ ನಯವಾಗಿ ಹೇಳಿತು.

ಮೂರು ಗಂಟೆಗೆ ಅವಳನ್ನು ಕರೆಸಿ ಸಮ್ಮತಿ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ಅಂಗೈಯಗಲದ ಗಾಜು. ಮೇಲೆ ಕ್ಯಾಮೆರಾ. ಅದರಲ್ಲಿ ಕಾಣುವುದೆಲ್ಲ ಮಂಡಳಿಗೂ ಕಾಣುತ್ತದೆ, ಆದ್ದರಿಂದ ಸಮ್ಮತಿದಾರರ ಮೇಲೆ ಕೈಮಾಡುವಂತಿಲ್ಲ. ಕೊಳವೆಗಳನ್ನು ತೆರೆಯಲು ನಾಲ್ಕು ಗಂಟೆಯವರೆಗೆ ಮಾತ್ರ ಸಮಯ. ಆಮೇಲೆ ಗಾಳಿ ಯಾರ ಮಾತಿಗೂ ತಿರುಗುವುದಿಲ್ಲ.

ನಿರ್ದೇಶಕ ಚಂದ್ರಹಾಸ ನಾಡಕರ್ಣಿ ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು. ದನಿ ಎತ್ತದ ಮನುಷ್ಯ.

"ನೋಡಮ್ಮ ನೀಲಾವತಿ, ನೀನು ವಿಜ್ಞಾನ ಓದಿದವಳು. ಆ ಬಂದರಿನ ಮೇಲೆ ನಮ್ಮ ದೇಶದ ದರ್ಜೆ ನಿಂತಿದೆ. ಅದು ಮುರಿದರೆ ನಾವೆಲ್ಲ ಮತ್ತೆ ಎರಡಕ್ಕೆ. ಕೋಟಿಗಟ್ಟಲೆ ಜನರ ಭವಿಷ್ಯ."

"ಕೇರಿಲಿ ಹತ್ತೊಂಬತ್ತು ನೂರು ಜನ ಇದ್ದಾರೆ ಸರ್. ಗೇಟು ಹಾಕಿದ್ದೀರಿ. ಓಡಿಹೋಗೂಕೂ ಜಾಗ ಇಲ್ಲ."

"ಗೊತ್ತು. ನನಗೂ ನೋವಿದೆ." ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕು ಜನರ ಪಾಸು. ನಿನ್ನ ಅಕ್ಕ, ಭಾವ, ಮಕ್ಕಳಿಬ್ಬರು. ಗಾಳಿ ದಡ ಮುಟ್ಟೋದು ನಾಳೆ ಮಧ್ಯಾಹ್ನ. ನಮ್ಮ ಜೀಪು ಕಳಿಸ್ತೀನಿ. ಬೆರಳಿಡು."

ನೀಲಾವತಿ ಪಾಸನ್ನು ನೋಡಿದಳು. ಸೋಮಿಯ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು. ವಯಸ್ಸೂ ಸರಿಯಾಗಿತ್ತು. ಇಷ್ಟೆಲ್ಲ ಇವರಿಗೆ ಗೊತ್ತಿತ್ತು. ಮನೆಯಲ್ಲಿ ಯಾರಿದ್ದಾರೆಂದು ತಿಳಿದೇ 'ನಷ್ಟವಾಗುವ ಆಸ್ತಿ: ಇಲ್ಲ' ಎಂದು ಬರೆದಿದ್ದರು. ಅವಳು ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡಳು.

"ಇಡೂದಿಲ್ಲ ಸರ್."

ಗಡಿಯಾರ ಮೂರೂವರೆ ದಾಟಿತು. ನಾಡಕರ್ಣಿಯವರು ಇನ್ನೆರಡು ಸಲ ಹೇಳಿದರು. ನೌಕರಿ ಎಂದರು, ಕೇಸು ಎಂದರು. ಅವಳಿಂದ ಅದೇ ಉತ್ತರ. ಮೂರು ನಲವತ್ತೆರಡಕ್ಕೆ ಅವರ ಮುಖ ಸಡಿಲವಾಯಿತು. ಎದ್ದು ನಿಂತು, ಅವಳ ಹೆಗಲ ಮೇಲೆ ಕೈಯಿಟ್ಟರು.

"ಆಯ್ತಮ್ಮ. ಬಲವಂತ ಇಲ್ಲ. ನಿನ್ನ ಮನಸ್ಸು ಅರ್ಥವಾಗುತ್ತೆ. ಪಾಸು ತಗೋ. ಜೀಪು ಬಾಗಿಲಲ್ಲೇ ನಿಂತಿದೆ. ನೀನೇ ಹೋಗಿ ಅಕ್ಕನ್ನ ಕರ್ಕೊಂಡು ಬಾ. ಈಗಲೇ ಹೊರಡು, ಕತ್ತಲಾಗೋದರೊಳಗೆ ಘಟ್ಟ ಇಳಿಯಬಹುದು."

ನೀಲಾವತಿ ಪಾಸಿನ ಮೇಲಿನ ಅಕ್ಕನ ಹೆಸರನ್ನು ಮತ್ತೊಮ್ಮೆ ಓದಿದಳು. ಹೋಗಬಹುದು. ಅಕ್ಕನ ಕೈ ಹಿಡಿದು ಎಳೆದು ತರಬಹುದು. ಅವಳು ಪಾಸಿಗೆ ಕೈ ಚಾಚಿ, ಕುರ್ಚಿಯಿಂದ ಅರ್ಧ ಎದ್ದಳು.

ಪಂಪುಗಳ ಫಲಕದ ಮುಂದೆ ನಿಂತಿದ್ದ ಇಮಾಮ್‌ಸಾಬ್ ತಿರುಗಿ ನೋಡದೆಯೇ ಹೇಳಿದ: "ಯವ್ವಾ, ಕುರ್ಚಿ ಬಿಡಬ್ಯಾಡ."

"ನದಾಫ್, ನಿಮ್ಮ ಕೆಲಸ ನೋಡಿ," ಎಂದರು ನಾಡಕರ್ಣಿ.

"ಅದನ್ನ ನೋಡಾಕತ್ತೀನ್ರೀ ಸಾಹೇಬ್ರ. ಒಪ್ಪಂದದಾಗಿನ ಹತ್ತೊಂಬತ್ತನೇ ಕಲಮು ನೋಡಾಕತ್ತೀನಿ." ಈಗ ಅವನು ಇತ್ತ ತಿರುಗಿದ. "ಹೊತ್ತು ಮುಗಿಯೂ ಮುಂದ ಸಮ್ಮತಿದಾರ್ರು ಕುರ್ಚಿ ಮ್ಯಾಲ ಇಲ್ಲಂದ್ರ, ಒಪ್ಪಿಗಿ ಐತಿ ಅಂತನ ತಿಳ್ಕೊಬೇಕು. ಹಂಗ ಬರದಾರ ಇವ್ರು. ನೀ ಬಾಗಿಲ ದಾಟಿದಿ ಅಂದ್ರ ನಿನ್ನ ಬೆರಳ ಬೇಕಾಗಿಲ್ಲ ತಂಗಿ. ನಾಕು ಹೊಡದ್ರ ಸಾಕು."

ಕೋಣೆಯಲ್ಲಿದ್ದ ಹದಿನಾಲ್ಕು ಜನ ತಂತಮ್ಮ ಪರದೆ ನೋಡುವುದರಲ್ಲಿ ಮುಳುಗಿದ್ದರು. ನೀಲಾವತಿ ಅರ್ಧ ಎದ್ದವಳು ಹಾಗೆಯೇ ನಿಂತು ನಿರ್ದೇಶಕರ ಮುಖ ನೋಡಿದಳು. ಅವರು ಅಲ್ಲವೆನ್ನಲಿಲ್ಲ. ಇಡೀ ಮಧ್ಯಾಹ್ನದಲ್ಲಿ ಅವರು ಆಡಿದ ಒಂದೇ ಕರುಣೆಯ ಮಾತು, ಹತ್ತೊಂಬತ್ತು ನೂರು ಜನರನ್ನು ಮುಳುಗಿಸುವ ಮಾತಾಗಿತ್ತು.

ಅವಳು ಕುಳಿತಳು. ಕುರ್ಚಿಯನ್ನು ಮೇಜಿಗೆ ತಾಗುವಂತೆ ಮುಂದೆ ಎಳೆದುಕೊಂಡಳು.

"ನೀನು ಹೋಗದಿದ್ದರೆ ಆ ನಾಲ್ಕು ಜನವೂ ಉಳಿಯೋದಿಲ್ಲ," ಎಂದರು ನಾಡಕರ್ಣಿ. ಅವರ ಹಣೆಯಲ್ಲಿ ಬೆವರು. "ಗಾಳಿ ತಿರುಗದಿದ್ದರೂ ಅದರ ಅಂಚು ನಿಮ್ಮ ಕೇರಿಗೆ ತಾಗುತ್ತೆ. ಅಳಿವೆ ಉಕ್ಕುತ್ತೆ. ಅಕ್ಕ ಸತ್ತರೆ ನಿನ್ನ ಹಟದಿಂದ ಸತ್ತಳು ಅಂತಾಗುತ್ತೆ. ಯೋಚನೆ ಮಾಡು."

ಆ ಮಾತು ಸುಳ್ಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಂಚು ತಾಗುತ್ತದೆ. ಆಗರದ ಕಟ್ಟೆ ಒಡೆಯಬಹುದು, ಮನೆಗಳು ಬೀಳಬಹುದು, ಕೆಲವರು ಹೋಗಬಹುದು. ಆ ಕೆಲವರಲ್ಲಿ ಸೋಮಿಯೂ ಇರಬಹುದು.

ಮೂರು ಐವತ್ತೊಂದು.

ನಿರ್ದೇಶಕರು ಕ್ಯಾಮೆರಾದತ್ತ ಒಮ್ಮೆ ನೋಡಿ, ಅದಕ್ಕೆ ಬೆನ್ನು ಮಾಡಿ, ಅವಳಿಗೆ ಮಾತ್ರ ಕೇಳುವಂತೆ ಬಾಗಿದರು. ನಯವೆಲ್ಲ ದನಿಯಿಂದ ಸೋರಿಹೋಗಿತ್ತು. ಅದರಡಿಯಿಂದ ಎದ್ದು ಬಂದ ದನಿಯನ್ನು ನೀಲಾವತಿ ಇಲ್ಲಿ ಕೇಳಿರಲಿಲ್ಲ. ಅವಳ ಅಜ್ಜಿ ಕೇಳಿದ್ದಳು, ಅಜ್ಜಿಯ ತಾಯಿ ಕೇಳಿದ್ದಳು.

"ಎದ್ದೇಳೇ ಅಲ್ಲಿಂದ."

"ಏಳೂದಿಲ್ಲ," ಎಂದಳು ನೀಲಾವತಿ.